ಸಿಸಿಂಗ್‌ಹರ್ಸ್ಟ್: ಹೆರಾಲ್ಡ್ ನಿಕೋಲ್ಸನ್ ಗೆರೆ ಎಳೆದ ತೋಟ

ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿರುವ ಸಿಸಿಂಗ್‌ಹರ್ಸ್ಟ್ ಕ್ಯಾಸಲ್ ತೋಟಕ್ಕೆ ಬರುವವರಲ್ಲಿ ಹೆಚ್ಚಿನವರು ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ನೆಟ್ಟ ಹೂಗಳನ್ನು ನೋಡಲು ಬರುತ್ತಾರೆ. ಆ ಹೂಗಳಿಗೆ ಸಲ್ಲುವ ಕೀರ್ತಿ ನ್ಯಾಯವಾದದ್ದೇ. ಆದರೆ ಈ ತೋಟದ ನಕ್ಷೆ ಹಾಕಿದವರು ಆಕೆಯ ಪತಿ, ರಾಜತಾಂತ್ರಿಕ, ಸಂಸದ ಮತ್ತು ಲೇಖಕ ಹೆರಾಲ್ಡ್ ನಿಕೋಲ್ಸನ್. ಅವರ ಬದುಕನ್ನು ಸ್ವಲ್ಪವಾದರೂ ತಿಳಿದುಕೊಂಡು ಹೋದವರಿಗೆ ಇಲ್ಲಿ ಹೂಗಳಿಗಿಂತ ಮೊದಲು ಬೇಲಿ, ದಾರಿ ಮತ್ತು ನೋಟಗಳು ಕಾಣುತ್ತವೆ. ಟಿಕೆಟ್ಟಿಗೆ ಕೊಟ್ಟ ಹಣ ಸಾರ್ಥಕವಾಗಬೇಕಾದರೆ ಹಾಗೆಯೇ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಲಂಡನ್ನಿನ ಚೇರಿಂಗ್ ಕ್ರಾಸ್ ಅಥವಾ ಲಂಡನ್ ಬ್ರಿಡ್ಜ್ ನಿಲ್ದಾಣದಿಂದ ಸ್ಟೇಪಲ್‌ಹರ್ಸ್ಟ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ಅಲ್ಲಿಂದ ಬಸ್ಸಿನಲ್ಲಿ ಸಿಸಿಂಗ್‌ಹರ್ಸ್ಟ್ ಹಳ್ಳಿಗೆ ಹೋಗಿ ಉಳಿದ ದೂರವನ್ನು ನಡೆದುಕೊಂಡು ಹೋಗಬಹುದು. ತೋಟ ಚಾರಿತ್ರಿಕ ತಾಣಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಸೇರಿದ್ದು, ಸದಸ್ಯರಿಗೆ ಪ್ರವೇಶ ಉಚಿತ. ವರ್ಷಕ್ಕೆ ಇಂಥ ನಾಲ್ಕಾರು ಸ್ಥಳಗಳಿಗೆ ಹೋಗುವ ಕುಟುಂಬಕ್ಕೆ ಸದಸ್ಯತ್ವವೇ ಲಾಭ.

ಒಳಗೆ ಹೋದ ಕೂಡಲೇ ಹೂಪಾತಿಗಳ ಕಡೆ ತಿರುಗದೆ, ನೇರವಾಗಿ ಎದುರಿಗಿರುವ ಇಟ್ಟಿಗೆಯ ಗೋಪುರವನ್ನು ಹತ್ತಿ. 16ನೇ ಶತಮಾನದಲ್ಲಿ ಕಟ್ಟಿದ ದೊಡ್ಡ ಮನೆಯೊಂದರಿಂದ ಉಳಿದ ಕೆಲವೇ ಭಾಗಗಳಲ್ಲಿ ಇದೂ ಒಂದು. ಸಪ್ತವಾರ್ಷಿಕ ಯುದ್ಧದ (1756–63) ಕಾಲದಲ್ಲಿ ಇಲ್ಲಿ ಫ್ರೆಂಚ್ ಕೈದಿಗಳನ್ನು ಇಟ್ಟಿದ್ದರು. ಆಮೇಲೆ ಇದು ಊರಿನ ಬಡವರ ಆಶ್ರಯವಾಯಿತು. 1930ರಲ್ಲಿ ನಿಕೋಲ್ಸನ್ ದಂಪತಿ ಸುತ್ತಲಿನ ಹೊಲಗಳನ್ನೂ ಸೇರಿಸಿ 12,375 ಪೌಂಡಿಗೆ ಇದನ್ನು ಕೊಂಡಾಗ ಎಲ್ಲೆಲ್ಲೂ ಕಸದ ರಾಶಿ, ಕಳೆ ಮತ್ತು ಮುರಿದ ಗೋಡೆಗಳಿದ್ದವು. ಮೇಲೆ ನಿಂತು ಕೆಳಗೆ ನೋಡಿದರೆ ಅವರ ಮುಂದಿದ್ದ ತೊಡಕು ಸ್ಪಷ್ಟವಾಗಿ ಅರ್ಥವಾಗುತ್ತದೆ. ಅಂಗಳ ಚೌಕವಾಗಿಲ್ಲ, ಶವಪೆಟ್ಟಿಗೆಯಂತೆ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು; ಗೋಪುರವು ಹೆಬ್ಬಾಗಿಲಿಗೆ ನೇರವಾಗಿಲ್ಲ; ಹಳೆಯ ಗೋಡೆಗಳಲ್ಲಿ ಒಂದಕ್ಕೊಂದು ಲಂಬವಾಗಿರುವುದು ಅಪರೂಪ. ನಿಕೋಲ್ಸನ್ ಚೌಕಳಿ ಕಾಗದದ ಮೇಲೆ ಲೆಕ್ಕ ಹಾಕಿ, ನೆಲದ ಮೇಲೆ ದಾರ ಕಟ್ಟಿ, ಮಕ್ಕಳ ಕೈಗೆ ಕೋಲು ಕೊಟ್ಟು ನಿಲ್ಲಿಸಿ ಈ ಓರೆಕೋರೆಯನ್ನೆಲ್ಲ ಕಣ್ಣಿಗೆ ಬೀಳದಂತೆ ಮಾಡಿದರು. ಗುಲಾಬಿ ತೋಟದಲ್ಲಿರುವ ಯೂ ಎಂಬ ನಿತ್ಯಹಸಿರು ಮರದ ವೃತ್ತಾಕಾರದ ಬೇಲಿಯೊಳಗೆ ನಿಂತಾಗ, ನಾಲ್ಕು ದಿಕ್ಕಿನ ದಾರಿಗಳೂ ಸಹಜವಾಗಿ ಅಲ್ಲಿಗೇ ಬಂದು ಸೇರಿದಂತೆ ಕಾಣುತ್ತವೆ. ಗೋಪುರದ ಮೇಲಿಂದ ನೋಡಿ ಬಂದವರಿಗೆ ಮಾತ್ರ ಅದು ಸಹಜವಾದದ್ದಲ್ಲವೆಂದು ತಿಳಿಯುತ್ತದೆ.

ಈ ಕೌಶಲ ಎಲ್ಲಿಂದ ಬಂತೆಂದು ಯೋಚಿಸಿದರೆ ಅವರ ಮೊದಲ ವೃತ್ತಿ ನೆನಪಿಗೆ ಬರುತ್ತದೆ. 1886ರಲ್ಲಿ ಟೆಹರಾನಿನಲ್ಲಿ ರಾಜತಾಂತ್ರಿಕರ ಮಗನಾಗಿ ಹುಟ್ಟಿದ ಅವರು 1909ರಲ್ಲಿ ವಿದೇಶಾಂಗ ಸೇವೆ ಸೇರಿ, ಮ್ಯಾಡ್ರಿಡ್ ಮತ್ತು ಕಾನ್‌ಸ್ಟಾಂಟಿನೋಪಲ್‌ಗಳಲ್ಲಿ ಕೆಲಸ ಮಾಡಿದರು. 1914ರ ಆಗಸ್ಟ್ 4ರ ರಾತ್ರಿ ಬ್ರಿಟನ್ನಿನ ಯುದ್ಧಘೋಷಣೆಯ ಪತ್ರ ತಪ್ಪು ಒಕ್ಕಣೆಯೊಂದಿಗೆ ಜರ್ಮನ್ ರಾಯಭಾರಿ ಲಿಕ್ನೋವ್ಸ್ಕಿ ಅವರ ಮನೆ ತಲುಪಿತ್ತು. ಅದನ್ನು ಹಿಂದಕ್ಕೆ ಪಡೆದು ಸರಿಯಾದ ಪತ್ರ ಕೊಟ್ಟುಬರಲು ಕಳುಹಿಸಿದ್ದು ಕಿರಿಯ ಅಧಿಕಾರಿಯಾಗಿದ್ದ ಈ ನಿಕೋಲ್ಸನ್ನರನ್ನೇ. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಅವರು ದೇಶದೇಶಗಳ ಗಡಿಗಳ ವಿಚಾರದಲ್ಲಿ ದುಡಿದರು, ಅಲ್ಲಿಯ ಇತ್ಯರ್ಥಗಳ ಬಗ್ಗೆ ಬೇಸರಪಟ್ಟರು, ಮುಂದೆ ಅದರ ಬಗ್ಗೆ ಬರೆದರು. ಟೆಹರಾನ್ ಮತ್ತು ಬರ್ಲಿನ್ ಹುದ್ದೆಗಳ ನಂತರ 1929ರಲ್ಲಿ ರಾಜೀನಾಮೆ ಕೊಟ್ಟರು. ಒಬ್ಬರೂ ಒಪ್ಪದ ನಾಲ್ಕು ಗಡಿಗಳ ನಡುವೆ ಹೊಂದಾಣಿಕೆಯ ಗೆರೆಯೊಂದನ್ನು ಹುಡುಕುವ ಅಭ್ಯಾಸವಿದ್ದವರು ಈ ಅಂಕುಡೊಂಕಿನ ಗೋಡೆಗಳಿಗೆ ಹೆದರದೇ ಇದ್ದುದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಇಡೀ ತೋಟದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಲಿಂಡನ್ ಮರಗಳ ಸಾಲು. ಇದು ನಿಕೋಲ್ಸನ್ನರ ಸ್ವಂತದ್ದು. ಇದನ್ನು ಅವರು ‘ನನ್ನ ಜೀವಮಾನದ ಕೆಲಸ’ ಎಂದೇ ಕರೆಯುತ್ತಿದ್ದರು. ಕೊಂಬೆಗಳನ್ನು ಹೆಣೆದು ಗೋಡೆಯಂತೆ ಬೆಳೆಸಿದ ಮರಗಳು ಎರಡು ಬದಿ, ನಡುವೆ ನೇರವಾದ ಕಲ್ಲುಹಾಸು, ಮರಗಳ ಬುಡದ ಉದ್ದನೆಯ ಪಾತಿಗಳಲ್ಲಿ ವಸಂತದ ಗಡ್ಡೆಹೂಗಳು. ಏಪ್ರಿಲ್ ಕೊನೆಯ ಹೊತ್ತಿಗೆ ಡ್ಯಾಫೊಡಿಲ್, ಟ್ಯೂಲಿಪ್, ಪ್ರಿಮ್‌ರೋಸ್, ಕಡುನೀಲಿ ಮಸ್ಕಾರಿಗಳು ಒಂದರ ಮೈಗೆ ಒಂದು ತಾಗಿಕೊಂಡು ಅರಳಿರುತ್ತವೆ. ಬಗ್ಗಿ ನೋಡಿದರೆ ಅಂಗೈಯಷ್ಟು ಜಾಗದಲ್ಲೂ ನಾಲ್ಕೈದು ಬಗೆಯ ಹೂಗಳು ಸಿಗುತ್ತವೆ. ಎದ್ದು ನಿಂತರೆ ಆ ತುಂಬಿದ ಬಣ್ಣಗಳನ್ನೆಲ್ಲ ಎರಡು ನೇರ ಅಂಚುಗಳು ಹಿಡಿದಿಟ್ಟಿರುವುದು ಕಾಣುತ್ತದೆ. ಇಲ್ಲಿನ ಯಾವ ಗಿಡ ಚೆನ್ನಾಗಿ ಬಂತು, ಯಾವುದು ಬರಲಿಲ್ಲ ಎಂಬುದನ್ನು ಅವರು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. 1932ರಲ್ಲಿ ನೆಟ್ಟ ಮರಗಳು ಈಗಿಲ್ಲ, ಅವುಗಳ ಜಾಗದಲ್ಲಿ ಬೇರೆಯವನ್ನು ನೆಟ್ಟಿದ್ದಾರೆ, ಗೆರೆ ಅವರದೇ.

ಆ 1932ನೇ ಇಸವಿಯೂ ಗಮನಿಸತಕ್ಕದ್ದು. ಹಿಂದಿನ ವರ್ಷವಷ್ಟೇ ಅವರು ರಾಜಕಾರಣಿ ಆಸ್ವಾಲ್ಡ್ ಮೋಸ್ಲಿ ಕಟ್ಟಿದ ನ್ಯೂ ಪಾರ್ಟಿ ಎಂಬ ಪಕ್ಷ ಸೇರಿ, ಅದರ ಪತ್ರಿಕೆಯ ಸಂಪಾದಕರಾಗಿ, ಚುನಾವಣೆಗೆ ನಿಂತು ಸೋತಿದ್ದರು. ಮೋಸ್ಲಿ ಫ್ಯಾಸಿಸಂ ಕಡೆಗೆ ಹೊರಳಿದಾಗ 1932ರಲ್ಲಿ ಅವರನ್ನು ಬಿಟ್ಟುಬಂದರು. 1935ರಲ್ಲಿ ನ್ಯಾಷನಲ್ ಲೇಬರ್ ಅಭ್ಯರ್ಥಿಯಾಗಿ ವೆಸ್ಟ್ ಲೆಸ್ಟರ್ ಕ್ಷೇತ್ರದಲ್ಲಿ ಗೆದ್ದದ್ದು ಕೇವಲ 87 ಮತಗಳಿಂದ. ಸಂಸತ್ತಿನಲ್ಲಿ ಅವರ ಅತ್ಯುತ್ತಮ ಘಳಿಗೆ 1938ರದು: ಹಿಟ್ಲರನೊಂದಿಗೆ ಮಾತುಕತೆಗೆ ಮ್ಯೂನಿಕ್‌ಗೆ ಹೋಗುವುದಾಗಿ ಪ್ರಧಾನಿ ಚೇಂಬರ್ಲೇನ್ ಸಾರಿದಾಗ ಸದನ ಎದ್ದು ನಿಂತು ಹರ್ಷೋದ್ಗಾರ ಮಾಡಿತು, ಹಿಟ್ಲರನನ್ನು ಓಲೈಸುವುದನ್ನು ವಿರೋಧಿಸುತ್ತಿದ್ದ ನಿಕೋಲ್ಸನ್ ಏಳದೆ ಕುಳಿತಲ್ಲೇ ಉಳಿದರು. 1940ರಲ್ಲಿ ವಾರ್ತಾ ಇಲಾಖೆಯಲ್ಲಿ ಕಿರಿಯ ಹುದ್ದೆ ಸಿಕ್ಕಿತು, ಮರುವರ್ಷ ಹೋಯಿತು. 1945ರಲ್ಲಿ ಸೋತರು, ಲೇಬರ್ ಪಕ್ಷಕ್ಕೆ ಹೋಗಿ 1948ರ ಉಪಚುನಾವಣೆಯಲ್ಲಿ ಮತ್ತೆ ಸೋತರು.

ರಾಜಕೀಯದಲ್ಲಿ ಕೈಗೂಡದ ಈ ಮನುಷ್ಯ 1930ರಿಂದ 1964ರವರೆಗೆ ಬರೆದ ದಿನಚರಿ ಮಾತ್ರ ಆ ಕಾಲದ ಬ್ರಿಟನ್ನನ್ನು ಅರಿಯಲು ಇಂದಿಗೂ ಬೇಕೇ ಬೇಕು. ಬೆಳಗಿನ ಉಪಾಹಾರವಾದ ಮೇಲೆ ಟೈಪ್‌ರೈಟರಿನ ಮುಂದೆ ಕುಳಿತು ಹಿಂದಿನ ದಿನವನ್ನು ದಾಖಲಿಸುವುದು ಅವರ ನಿಯಮವಾಗಿತ್ತು. ನಮ್ಮಂಥ ಓದುಗರು ಒಂದನ್ನು ಮರೆಯಬಾರದು: ಆ ಬರಹದಲ್ಲಿ ತಮ್ಮ ವರ್ಗದ ದರ್ಪವೂ ಜನಾಂಗೀಯ ಪೂರ್ವಗ್ರಹವೂ ಇವೆ, ಅವುಗಳನ್ನು ತೋಟದ ಚೆಲುವು ಮುಚ್ಚಲಾರದು. ಅವರ ದಾಂಪತ್ಯವೂ ರೂಢಿಯದಾಗಿರಲಿಲ್ಲ. ಇಬ್ಬರಿಗೂ ಸ್ವಲಿಂಗದವರೊಂದಿಗೆ ಸಂಬಂಧಗಳಿದ್ದವು, ವಾರದ ದಿನಗಳಲ್ಲಿ ಅವರು ಲಂಡನ್ನಿನಲ್ಲಿ, ಆಕೆ ಇಲ್ಲಿ. ಆದರೂ ಪತ್ರಗಳು ನಿಲ್ಲಲಿಲ್ಲ. 1962ರಲ್ಲಿ ವೀಟಾ ತೀರಿಕೊಂಡ ಮೇಲೆ ಅವರು ಚೇತರಿಸಿಕೊಳ್ಳಲೇ ಇಲ್ಲ. 1968ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು.

ಅವರ ಬರವಣಿಗೆಯ ಕೋಣೆ ಸೌತ್ ಕಾಟೇಜ್ ಎಂಬ ಪುಟ್ಟ ಮನೆಯಲ್ಲಿದೆ. ಆ ಮನೆಯೊಳಗೆ ಯಾವಾಗ ಬಿಡುತ್ತಾರೆಂಬುದನ್ನು ಹೊರಡುವ ಮೊದಲೇ ಜಾಲತಾಣದಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಅದರ ಮುಂದಿನ ತೋಟದಲ್ಲಿ ಕೆಂಪು, ಕಿತ್ತಳೆ, ಹಳದಿ ಹೂಗಳು ಮಾತ್ರ. ನಡುವೆ ನಾಲ್ಕು ಎತ್ತರದ ಯೂ ಮರಗಳು ಮತ್ತು ಒಂದು ತಾಮ್ರದ ಕೊಪ್ಪರಿಗೆ. ಬಿಳಿ ಹೂಗಳಿಗೇ ಮೀಸಲಾದ ಇಲ್ಲಿನ ಜಗತ್ಪ್ರಸಿದ್ಧ ಬಿಳಿ ತೋಟದ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ಅಲ್ಲಿನ ಚಪ್ಪರದ ಬಿಳಿ ಗುಲಾಬಿ ಅರಳುವುದು ಜುಲೈ ಆರಂಭದಲ್ಲಿ, ಆಗ ಜನಸಂದಣಿಯೂ ಹೆಚ್ಚು.

ಬೇಸಿಗೆಯಲ್ಲಿ ಊರಿನಿಂದ ಬರುವ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗುವ ಕನ್ನಡಿಗರಿಗೆ ಎರಡು ಮಾತು. ಲಾಲ್‌ಬಾಗ್ 240 ಎಕರೆಯಾದರೆ ಈ ತೋಟ ಸುಮಾರು 5 ಎಕರೆ. ಹಿರಿಯರಿಗೆ ನಡಿಗೆ ಭಾರವಾಗುವುದಿಲ್ಲ. ಗೋಪುರದ ಮೆಟ್ಟಿಲು ಮಾತ್ರ ಕಡಿದು, ಸುರುಳಿಯಾಗಿವೆ. ಮೊಣಕಾಲು ನೋವಿರುವವರು ಕೆಳಗೇ ಉಳಿಯಲಿ, ನೀವು ಮೇಲಿಂದ ಫೋಟೊ ತೆಗೆದು ತಂದು ತೋರಿಸಿ. ಉಪಾಹಾರ ಗೃಹದಲ್ಲಿ ಸಸ್ಯಾಹಾರಿಗಳಿಗೆ ಸೂಪು, ಸ್ಕೋನ್, ಚಹಾ ಇತ್ಯಾದಿ ದೊರೆಯುತ್ತವೆ, ಆದರೆ ಅನ್ನ ಬೇಕೆನ್ನುವವರಿಗೆ ಬುತ್ತಿ ಕಟ್ಟಿಕೊಂಡು ಹೋಗುವುದೇ ಲೇಸು. ಒಮ್ಮೆಯೇ ಹೋಗುವುದಾದರೆ ನನ್ನ ಆಯ್ಕೆ ಏಪ್ರಿಲ್ ಕೊನೆಯ ವಾರದ ಕೆಲಸದ ದಿನ, ಬಾಗಿಲು ತೆರೆಯುವ ಹೊತ್ತಿಗೆ.