ಡೊಮೇನ್ ಮಾರಾಟಕ್ಕಿಟ್ಟಿದ್ದೀರಾ? ಸರ್ಟಿಫಿಕೇಟ್ ಕೇಳುವ ಗಿರಾಕಿ ಬಂದರೆ ಹುಷಾರು

ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ಕೊಂಡು ಮಾರುವ ಅಭ್ಯಾಸ ಇರುವವರು, ಎಂದೋ ಕೊಂಡ ಒಂದೇ ಹೆಸರನ್ನು ಮಾರಾಟಕ್ಕಿಟ್ಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನಿಂದ 95 ಡಾಲರ್ ಹೋಯಿತು. ಬ್ಯಾಂಕಿನ ಶುಲ್ಕ ಸೇರಿ ಸುಮಾರು 8,300 ರೂಪಾಯಿ. ಇನ್ನೂ ಜಾಸ್ತಿ ಹೋಗುವುದಿತ್ತು, ಚಿಕ್ಕಪ್ಪನ ಮಗ ತಡೆದ.

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. 2016ರಲ್ಲಿ ಗೆಳೆಯನ ಜೊತೆ ಟ್ರಾವೆಲ್ಸ್ ಶುರುಮಾಡುವ ಯೋಚನೆ ಇತ್ತು. ಅದಕ್ಕೆಂದು ಒಂದು ಡಾಟ್ ಕಾಮ್ ಹೆಸರು ಕೊಂಡೆ. ಟ್ರಾವೆಲ್ಸ್ ಆಗಲಿಲ್ಲ. ಹೆಸರು ಚೆನ್ನಾಗಿದೆ ಎಂದು ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಕಟ್ಟಿ ಉಳಿಸಿಕೊಂಡೆ. ಕೊನೆಗೆ ‘ಈ ಹೆಸರು ಮಾರಾಟಕ್ಕಿದೆ’ ಎಂದು ಒಂದು ಪುಟ ಹಾಕಿ, ಕೆಳಗೆ ನನ್ನ ಇಮೇಲ್ ಕೊಟ್ಟೆ. ಸಾವಿರದ ಐನೂರು ಡಾಲರ್ ಬಂದರೆ ಸಾಕು ಅಂದುಕೊಂಡಿದ್ದೆ.

ತಿಂಗಳೊಳಗೆ ಒಂದು ಮೇಲ್ ಬಂತು. ಬರೆದವನು ತಾನು ಬ್ರೋಕರ್ ಎಂದಿದ್ದ. ತನ್ನ ಹೂಡಿಕೆದಾರರು ಈ ಹೆಸರಿಗೆ 6,800 ಡಾಲರ್ ತನಕ ಕೊಡುತ್ತಾರಂತೆ. ಹಣ ಹೇಗೆ ಬೇಕು, ಬ್ಯಾಂಕಿಗಾ, ಪೇಪಾಲ್‌ಗಾ, ಎಸ್ಕ್ರೋ (ನಡುವಿನವರು ಹಣ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ) ಮೂಲಕವಾ ಎಂದು ಕೇಳಿದ್ದ. ಮಾರುವ ಬೇರೆ ಹೆಸರುಗಳಿದ್ದರೆ ಪಟ್ಟಿ ಕಳಿಸಿ ಎಂದೂ ಬರೆದಿದ್ದ. ಇಂಗ್ಲಿಷ್ ಸರಿಯಾಗಿತ್ತು, ಒಂದು ತಪ್ಪೂ ಇರಲಿಲ್ಲ. ಮೋಸದ ಮೇಲ್‌ನಲ್ಲಿ ಕಾಗುಣಿತ ತಪ್ಪಿರುತ್ತೆ ಅಂತಾರೆ. ಅದನ್ನು ನಂಬಿ ಕೂರಬೇಡಿ. ಆ ರಾತ್ರಿ ನಾನು ಮಗಳ ಇಂಜಿನಿಯರಿಂಗ್ ಫೀಸಿನ ಲೆಕ್ಕ ಹಾಕಿದೆ. ಮನೆಯಲ್ಲೂ ಹೇಳಿಬಿಟ್ಟೆ.

ಈಗ ಆ ಮೇಲ್ ತೆಗೆದು ನೋಡಿದರೆ ಅದರಲ್ಲಿ ಇಲ್ಲದ್ದೇ ಕಣ್ಣಿಗೆ ಹೊಡೆಯುತ್ತೆ. ನಮ್ಮದು ಒಕ್ಕಲು ಮನೆತನ. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹೇಗಿರುತ್ತಾನೆ ನೋಡಿದ್ದೇನೆ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಇಳಿಸುತ್ತಾನೆ. ಹಣ ಕೊಡುವವನಿಗೆ ನೂರು ಅನುಮಾನ ಇರುತ್ತೆ. ಈ ಬ್ರೋಕರ್ ಮಾತ್ರ, ನನ್ನ ಹೆಸರು ಯಾವ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ಹತ್ತಿರ ಇದೆ ಎಂದು ಕೇಳಲಿಲ್ಲ. ಯಾವಾಗ ರಿನ್ಯೂ ಆಗಬೇಕು, ಹಿಂದೆ ಅದರಲ್ಲಿ ಏನಿತ್ತು, ಯಾವುದನ್ನೂ ಕೇಳಲಿಲ್ಲ. ಒಂದು ಡಾಲರ್ ಚೌಕಾಸಿ ಮಾಡಲಿಲ್ಲ. ನಾನು ಬೆಲೆ ಹೇಳುವ ಮೊದಲೇ ನನ್ನ ಆಸೆಯ ನಾಲ್ಕು ಪಟ್ಟಿಗೂ ಹೆಚ್ಚು ಇಟ್ಟ.

ನಾನು ಒಪ್ಪಿಗೆ ಎಂದು ಬರೆದೆ. ಮರುದಿನ ಉತ್ತರ ಬಂತು. ಹೂಡಿಕೆದಾರರಿಗೆ ತೋರಿಸಲು ಹೆಸರಿನ ವ್ಯಾಲ್ಯುಯೇಷನ್ ಸರ್ಟಿಫಿಕೇಟ್ ಬೇಕಂತೆ. ಕಂಪ್ಯೂಟರ್ ತಾನಾಗಿ ಕೊಡುವ ಅಂದಾಜು ಆಗುವುದಿಲ್ಲ, ಮನುಷ್ಯರೇ ಕೂತು ಬೆಲೆ ಕಟ್ಟಿರಬೇಕು. ಅದರಲ್ಲಿ ಟ್ರೇಡ್‌ಮಾರ್ಕ್ ತಪಾಸಣೆಯೂ ಇರಬೇಕು. ಸರ್ಟಿಫಿಕೇಟಿನ ಬೆಲೆ ಜಾಸ್ತಿ ಬಂದರೆ ನೀವೂ ರೇಟ್ ಏರಿಸಬಹುದು ಎಂದ. ಜಾಗದ ಮೇಲೆ ಸಾಲ ತೆಗೆಯುವಾಗ ಬ್ಯಾಂಕಿನವರು ವ್ಯಾಲ್ಯುಯರ್ ವರದಿ ಕೇಳುತ್ತಾರಲ್ಲ, ಹಾಗೇ ಇರಬೇಕು ಅಂದುಕೊಂಡೆ.

ಎಲ್ಲಿ ಮಾಡಿಸಲಿ ಎಂದು ಕೇಳಿದೆ. ಆತ ಯಾವ ಕಂಪನಿಯ ಹೆಸರನ್ನೂ ಹೇಳಲಿಲ್ಲ. ‘ನಾನೂ ಇದನ್ನೇ ವಿಚಾರಿಸಿದ್ದೆ, ತಿಳಿದವರು ಇಲ್ಲಿ ಉತ್ತರ ಕೊಟ್ಟಿದ್ದಾರೆ’ ಎಂದು ಒಂದು ಪುಟದ ಲಿಂಕ್ ಕಳಿಸಿದ. ಅಲ್ಲಿ ಒಬ್ಬ ಪ್ರಶ್ನೆ ಕೇಳಿದ್ದ, ಮೂರು ಜನ ಉತ್ತರಿಸಿದ್ದರು. ಒಬ್ಬ ಒಂದು ಸೈಟ್ ಚೆನ್ನಾಗಿಲ್ಲ ಎಂದು ಬೈದಿದ್ದ. ಇನ್ನಿಬ್ಬರು ಇನ್ನೊಂದು ಸೈಟ್ ಹೊಗಳಿದ್ದರು. ನಾನೇ ಹುಡುಕಿ ಆರಿಸಿದೆ ಎಂಬ ಭಾವನೆ ನನಗೆ ಬಂತು. ಇಡೀ ಮೋಸದ ಗುಟ್ಟು ಇದೇ. ಆತ ಕೊನೆಯವರೆಗೂ ನನ್ನ ಹತ್ತಿರ ಒಂದು ರೂಪಾಯಿ ಕೇಳಲಿಲ್ಲ. ಹಣ ಹೋದದ್ದು ಬೇರೆ ಸೈಟಿಗೆ. ಅದೂ ಅವನದೇ ಕಡೆಯವರದ್ದು.

ಬೆಲೆ ಕಟ್ಟಲು 60 ಡಾಲರ್, ಟ್ರೇಡ್‌ಮಾರ್ಕ್ ತಪಾಸಣೆಗೆ 35. ಕಾರ್ಡಿನಲ್ಲಿ ವಿದೇಶಿ ಪಾವತಿ ಆಫ್ ಆಗಿತ್ತು. ಬ್ಯಾಂಕ್ ಆ್ಯಪ್‌ಗೆ ಹೋಗಿ ನಾನೇ ಆನ್ ಮಾಡಿ ಕಟ್ಟಿದೆ. ಎರಡು ದಿನಕ್ಕೆ ಸರ್ಟಿಫಿಕೇಟ್ ಬಂತು. ಚಿನ್ನದ ಬಣ್ಣದ ಮುದ್ರೆ, ಕೆಳಗೆ ಸಹಿ, ಬೆಲೆ 9,200 ಡಾಲರ್. ಟ್ರೇಡ್‌ಮಾರ್ಕ್ ಭಾಗದಲ್ಲಿ ಇದ್ದದ್ದು ಒಂದೇ ಸಾಲು: ತೊಂದರೆ ಇಲ್ಲ. ಇದನ್ನು ನಾನೇ ನೋಡಬಹುದಿತ್ತು. ನಮ್ಮ ದೇಶದಲ್ಲಿ ನೋಂದಾದ ಟ್ರೇಡ್‌ಮಾರ್ಕ್‌ಗಳನ್ನು ಸರ್ಕಾರದ ಐಪಿ ಇಂಡಿಯಾ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಹೆಸರಿನ ಬೆಲೆಯ ಅಂದಾಜಿಗೂ ದುಡ್ಡು ಬೇಡ. ನೇಮ್‌ಬಯೋ ಎಂಬ ತಾಣದಲ್ಲಿ ಹಿಂದೆ ಯಾವ ಹೆಸರು ಎಷ್ಟಕ್ಕೆ ಹೋಗಿದೆ ಎಂಬ ದಾಖಲೆ ಸಿಗುತ್ತೆ, ಡೊಮೇನ್ ಮಾರುವ ಕಂಪನಿ ಗೋಡ್ಯಾಡಿಯವರ ಅಂದಾಜು ಉಚಿತ.

ಸರ್ಟಿಫಿಕೇಟ್ ಕಳಿಸಿದ ಮೇಲೆ ಬ್ರೋಕರ್ ತುಂಬಾ ಖುಷಿಪಟ್ಟು ಬರೆದ. ಜೊತೆಗೇ ಇನ್ನೊಂದು ವರದಿ ಕೇಳಿದ, ಹೆಸರಿಗೆ ಗೂಗಲ್‌ನಲ್ಲಿ ಎಷ್ಟು ಹುಡುಕಾಟ ಇದೆ ಎಂಬುದರ ಬಗ್ಗೆ. ಅದೇ ಸೈಟಿನಲ್ಲಿ 120 ಡಾಲರ್. ಆಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಕಥೆ ಪೂರ್ತಿ ಕೇಳಿ ಅವನು ಕೇಳಿದ್ದು ಒಂದೇ ಪ್ರಶ್ನೆ.

“ಅಣ್ಣಾ, ಆ ಸೈಟ್ ಯಾವಾಗ ರಿಜಿಸ್ಟರ್ ಆಗಿದೆ ಅಂತ ನೋಡಿದ್ಯಾ?”

ಇಲ್ಲ. ಡೊಮೇನ್ ಮಾರಲು ಹೊರಟ ನಾನು ಆ ಸೈಟಿನ ಡೊಮೇನ್ ನೋಡಿರಲಿಲ್ಲ. ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ (ICANN) ಸಂಸ್ಥೆಯ ಲುಕಪ್ ಪುಟದಲ್ಲಿ ಹೆಸರು ಹಾಕಿದರೆ ಅರ್ಧ ನಿಮಿಷದ ಕೆಲಸ. ಹತ್ತು ವರ್ಷದ ಅನುಭವ ಎಂದು ಬರೆದುಕೊಂಡಿದ್ದ ಆ ಸೈಟ್ ಹುಟ್ಟಿ 23 ದಿನ ಆಗಿತ್ತು. ಪ್ರಶ್ನೋತ್ತರದ ಪುಟವೂ ಅದೇ ವಾರದ್ದು. ಮಾಲೀಕರ ವಿವರ ಮುಚ್ಚಿರುವುದು ಈಗ ಸಾಮಾನ್ಯ, ಖಾಸಗಿ ಮಾಹಿತಿ ಕಾಪಾಡುವ ಯುರೋಪಿನ ಜಿಡಿಪಿಆರ್ ಕಾನೂನು 2018ರಲ್ಲಿ ಜಾರಿಗೆ ಬಂದ ಮೇಲೆ ಹಾಗಾಗಿದೆ. ಆದರೆ ನೋಂದಣಿಯ ತಾರೀಕು ಕಾಣುತ್ತೆ. ಅದೊಂದನ್ನು ತಪ್ಪದೇ ನೋಡಿ.

ಇನ್ನು ಹಣ ಕಟ್ಟುವುದಿಲ್ಲ ಎಂದು ಬರೆದೆ. ಬ್ರೋಕರ್ ಮತ್ತೆ ಉತ್ತರಿಸಲಿಲ್ಲ. ಬ್ಯಾಂಕಿಗೆ ಹೋದರೆ, ನೀವೇ ಒಪ್ಪಿ ಕಟ್ಟಿದ್ದೀರಿ, ಕೇಳಿದ ಸರ್ಟಿಫಿಕೇಟೂ ಬಂದಿದೆಯಲ್ಲ ಅಂದರು. ದೂರು ಬರೆಸಿಕೊಂಡರು, ಹಣ ಬರಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲೂ ದೂರು ಹಾಕಿದೆ. ನಿಮಗೆ ಹೀಗಾದರೆ ಆ ದಿನವೇ 1930ಕ್ಕೆ ಮಾಡಿ. ನಾನು ನಾಚಿಕೆಯಿಂದ ಒಂದು ವಾರ ಸುಮ್ನೆ ಕೂತೆ, ಅದು ತಪ್ಪು. ಸೈಟ್ ನೋಂದಾಯಿಸಿದ ರಿಜಿಸ್ಟ್ರಾರ್‌ಗೂ ಬರೆದೆ. ದುರ್ಬಳಕೆಯ ದೂರಿಗೆಂದೇ ಅವರ ಇಮೇಲ್ ಲುಕಪ್ ಪುಟದಲ್ಲೇ ಇರುತ್ತೆ. ಎರಡು ವಾರದಲ್ಲಿ ಸೈಟ್ ಹೋಯಿತು. ಅದೇ ವಿನ್ಯಾಸ, ಅದೇ ಮುದ್ರೆಯ ಸೈಟ್ ಬೇರೆ ಹೆಸರಲ್ಲಿ ಬಂದದ್ದನ್ನೂ ನೋಡಿದೆ.

ಮಾರುವವರಿಗೆ ಬರುವ ಬೇರೆ ಮೇಲ್‌ಗಳೂ ಇವೆ. ನಿಮ್ಮ ಹೆಸರನ್ನೇ ಚೀನಾದಲ್ಲಿ ಇನ್ನೊಬ್ಬರು ಡಾಟ್ ಸಿಎನ್ ಆಗಿ ನೋಂದಾಯಿಸಲು ಬಂದಿದ್ದಾರೆ, ಬೇಗ ನೀವೇ ಕೊಳ್ಳಿ ಎನ್ನುವುದು ಒಂದು. ಉತ್ತರವನ್ನೇ ಕೊಡಬೇಡಿ. ರಿನ್ಯೂವಲ್ ಬಿಲ್ ತರಹ ಕಾಣುವುದು ಇನ್ನೊಂದು. ಅದಕ್ಕೆ ಮೇಲ್‌ನ ಲಿಂಕ್ ಒತ್ತದೆ, ನೇರವಾಗಿ ನಿಮ್ಮ ಖಾತೆಗೆ ಹೋಗಿ ತಾರೀಕು ನೋಡಿ. ಇವೆಲ್ಲಕ್ಕಿಂತ ದೊಡ್ಡ ಅಪಾಯ ನಕಲಿ ಎಸ್ಕ್ರೋ. ಎಸ್ಕ್ರೋ ಅಂದರೆ ನಡುವಿನವರು ಹಣ ಹಿಡಿದಿಟ್ಟುಕೊಂಡು, ಹೆಸರು ಕೊಂಡವನ ಕೈ ಸೇರಿದ ಮೇಲೆ ನಿಮಗೆ ಕೊಡುವ ವ್ಯವಸ್ಥೆ. ಗಿರಾಕಿಯೇ ಕಳಿಸಿದ ಲಿಂಕ್‌ನಲ್ಲಿ ‘ಹಣ ಜಮಾ ಆಗಿದೆ’ ಎಂದು ಕಂಡರೆ ನಂಬಿ ಟ್ರಾನ್ಸ್‌ಫರ್ ಕೋಡ್ ಕೊಡಬೇಡಿ. ಕೋಡ್ ಕೊಟ್ಟರೆ ಹೆಸರೇ ಹೋಗುತ್ತೆ. ಎಸ್ಕ್ರೋ ಯಾವುದೆಂದು ನೀವು ಆರಿಸಿ, ವಿಳಾಸ ನೀವೇ ಟೈಪ್ ಮಾಡಿ, ಲಾಗಿನ್ ಆಗಿ ನೋಡಿ.

ಚಿಕ್ಕಪ್ಪನ ಮಗ ನನಗೊಂದು ವಾಕ್ಯ ಹೇಳಿಕೊಟ್ಟಿದ್ದಾನೆ. ಯಾರಾದರೂ ಸರ್ಟಿಫಿಕೇಟ್ ಕೇಳಿದರೆ ಹೀಗೆ ಬರೆಯಿರಿ: ‘ಖರ್ಚು ನೀವೇ ಹಾಕಿ ಮಾಡಿಸಿ, ಅಷ್ಟನ್ನು ಬೆಲೆಯಲ್ಲಿ ಕಳೆದುಕೊಡುತ್ತೇನೆ.’ ನಿಜವಾದ ಗಿರಾಕಿಗೆ ಇದರಲ್ಲಿ ನಷ್ಟವೇ ಇಲ್ಲ, ಅಲ್ವಾ? ಹೋದ ತಿಂಗಳು ಅದೇ ಹೆಸರಿಗೆ 7,500 ಡಾಲರ್ ಕೊಡುತ್ತೇನೆಂದು ಇನ್ನೊಬ್ಬ ಬಂದ. ಎರಡನೇ ಮೇಲ್‌ನಲ್ಲೇ ಸರ್ಟಿಫಿಕೇಟ್ ಕೇಳಿದ. ಈ ವಾಕ್ಯ ಕಳಿಸಿದೆ. ಇವತ್ತಿನವರೆಗೆ ಉತ್ತರ ಬಂದಿಲ್ಲ.