ಪ್ರೋಟೋಕಾಲ್‌ಗಳನ್ನು ಪೇರಿಸುವುದೋ, ಹೆಣೆಯುವುದೋ?

ಸರಳ ಪ್ರೋಟೋಕಾಲ್‌ಗಳಿಂದ (ಕಂಪ್ಯೂಟರ್‌ಗಳು ಪರಸ್ಪರ ಸಂವಹಿಸುವ ನಿಯಮಗಳಿಂದ) ಸಂಕೀರ್ಣವಾದದ್ದನ್ನು ಕಟ್ಟಲು ಎರಡು ದಾರಿಗಳಿವೆ: ದತ್ತಾಂಶವನ್ನು ಕ್ರಮವಾಗಿ ಸಾಗಿಸುವ ಟಿಸಿಪಿಯ ಮೇಲೆ, ಅದನ್ನು ಗೂಢಲಿಪಿಗೆ ಬದಲಿಸುವ (ಎನ್‌ಕ್ರಿಪ್ಟ್ ಮಾಡುವ) ಟಿಎಲ್‌ಎಸ್ ಕೂರಿಸಿದಂತೆ ಒಂದರ ಮೇಲೊಂದು ಪೇರಿಸುವುದು, ಅಥವಾ 2021ರಲ್ಲಿ ಪ್ರಮಾಣೀಕೃತವಾದ ಕ್ವಿಕ್‌ನಂತೆ ಸಾಗಣೆಯನ್ನೂ ಎನ್‌ಕ್ರಿಪ್ಶನ್ನನ್ನೂ ಒಟ್ಟಿಗೆ ಹೆಣೆಯುವುದು.

ವಿಳಂಬದ ವಿಷಯದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಪೇರಿಸಿದಾಗ ಮೊದಲು ಟಿಸಿಪಿಯ ಹ್ಯಾಂಡ್‌ಶೇಕ್ (ಸಂಪರ್ಕ ಕುದುರಿಸುವ ಆರಂಭಿಕ ಸಂದೇಶ ವಿನಿಮಯ), ಅದು ಮುಗಿದ ಮೇಲೆ ಟಿಎಲ್‌ಎಸ್ 1.3ರದು, ಹೀಗಾಗಿ ಹೊಸ ಸಂಪರ್ಕದಲ್ಲಿ ಮೊದಲ ಕೋರಿಕೆ ಹೊರಡುವ ಮುನ್ನ ಸಂದೇಶಗಳು ಸಾಮಾನ್ಯವಾಗಿ 2 ಸುತ್ತು ಹೋಗಿಬರಬೇಕು, ಕ್ವಿಕ್‌ಗೆ 1 ಸುತ್ತು ಸಾಕು. ಪ್ಯಾಕೆಟ್ (ದತ್ತಾಂಶದ ತುಣುಕು) ಕಳೆದುಹೋದಾಗಲೂ ತೊಡಕು ಇಂಥದ್ದೇ: ವೆಬ್ ಪುಟಗಳನ್ನು ತರುವ ಎಚ್‌ಟಿಟಿಪಿ/2ರ ಹತ್ತು ಸ್ಟ್ರೀಮ್‌ಗಳು (ಒಂದೇ ಸಂಪರ್ಕದೊಳಗಿನ ಬೇರೆ ಬೇರೆ ದತ್ತಾಂಶ ಹರಿವುಗಳು) ಪರಸ್ಪರ ಸ್ವತಂತ್ರವೆಂಬುದು ಕೆಳಗಿನ ಟಿಸಿಪಿಗೆ ತಿಳಿಯದ ಕಾರಣ, ಒಂದರ ನಷ್ಟಕ್ಕೆ ಹತ್ತೂ ಕಾಯಬೇಕಾಗುತ್ತದೆ.

ಬಿಡಿಭಾಗ ಬದಲಿಸುವ ಸುಲಭತೆಯಲ್ಲಿ ಮಾತ್ರ ಪೇರಿಕೆಯೇ ಮುಂದು. ಟಿಸಿಪಿಯನ್ನು ಮುಟ್ಟದೆಯೇ ಟಿಎಲ್‌ಎಸ್ 1.2ರಿಂದ 1.3ಕ್ಕೆ ಸಾಗಲು ಸಾಧ್ಯವಾಯಿತು. (ಕ್ವಿಕ್ ಕೂಡ ತನ್ನ ಹ್ಯಾಂಡ್‌ಶೇಕನ್ನು ಟಿಎಲ್‌ಎಸ್‌ನಿಂದಲೇ ಎರವಲು ಪಡೆದಿದೆ ಎಂಬುದು ಸ್ವಾರಸ್ಯಕರ.) ದೋಷಪತ್ತೆಯಲ್ಲಿಯೂ ಒಂದೊಂದೇ ಪದರವನ್ನು ಬಿಡಿಯಾಗಿ ಪರೀಕ್ಷಿಸಬಹುದು.

ಆದ್ದರಿಂದ ತಂಡ ಚಿಕ್ಕದಿದ್ದರೆ, ಅಥವಾ ಜಾಲದ ಫೈರ್‌ವಾಲ್‌ಗಳು ಕ್ವಿಕ್ ಆಧರಿಸಿರುವ ಸರಳ ಸಾಗಣೆ ಪ್ರೋಟೋಕಾಲ್ ಆದ ಯುಡಿಪಿಯನ್ನು ತಡೆಯುತ್ತಿದ್ದರೆ, ಪೇರಿಸುವುದೇ ವಿವೇಕ. ಬಳಕೆದಾರರು ವೈ-ಫೈಯಿಂದ ಮೊಬೈಲ್ ಡೇಟಾಕ್ಕೆ ದಾಟುವಾಗಲೂ ಸಂಪರ್ಕ ಕಡಿಯಬಾರದು ಎಂದಿದ್ದರೆ (ಕ್ವಿಕ್ ಇದನ್ನು ಸಾಧ್ಯವಾಗಿಸುತ್ತದೆ), ಹೆಣಿಗೆಯ ಹೆಚ್ಚುವರಿ ಶ್ರಮ ಸಾರ್ಥಕವಾಗುತ್ತದೆ.