ಕನ್ಸರ್ಟ್ ಟಿಕೆಟ್ ಅಂತ ಪಿಡಿಎಫ್ ಕಳಿಸೋರ ಬಗ್ಗೆ ಕೊಡಗಿನವರು ಹುಷಾರಾಗಿರಿ

ಕನ್ಸರ್ಟ್ ಟಿಕೆಟ್ ಕೊಳ್ಳೋಕೆ ಹೋಗಿ ಮೋಸ ಹೋದದ್ದನ್ನ ಯಾರಿಗೂ ಹೇಳಬಾರದು ಅಂತಿದ್ದೆ, ಅಷ್ಟು ನಾಚಿಕೆ. ಆದರೆ ಮೊನ್ನೆ ಗೋಣಿಕೊಪ್ಪದ ಒಂದು ವಾಟ್ಸಾಪ್ ಗ್ರೂಪಲ್ಲಿ ಅದೇ ಕಾಫಿ ತೋಟದ ಡಿಪಿ, ಅದೇ ಧಾಟಿಯ ಮೆಸೇಜ್ ಮತ್ತೆ ಬಂದಿದೆ: "ಎರಡು ಟಿಕೆಟ್ ಇದೆ, ಹೋಗೋಕೆ ಆಗ್ತಿಲ್ಲ, ಕೊಂಡ ರೇಟಿಗೇ ಕೊಡ್ತೀನಿ." ಶೋ ಬೇರೆ, ನಂಬರ್ ಹೊಸದು, ಮಾತು ಅದೇ. ಇನ್ನು ಸುಮ್ಮನಿರೋಕೆ ಆಗಲ್ಲ.

2024ರ ಡಿಸೆಂಬರ್‌ನಲ್ಲಿ ಕೆನಡಾದ ರಾಕ್ ಗಾಯಕ ಬ್ರಯಾನ್ ಆಡಮ್ಸ್ ಬೆಂಗಳೂರಿಗೆ ಬಂದಾಗ ಆದದ್ದು ಇದು. ಕ್ಯಾಸೆಟ್ ಕಾಲದಿಂದ ಆ ಗೊಗ್ಗರು ದನಿ ಕೇಳ್ಕೊಂಡು ಬಂದವರು ಮಡಿಕೇರಿ, ವಿರಾಜಪೇಟೆ ಕಡೆ ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು. ಮೋಸ ಮಾಡೋರಿಗೂ ಅದು ಗೊತ್ತು. ಇಲ್ಲಿಂದ ಬೆಂಗಳೂರು ಹತ್ತಿರ ಹತ್ತಿರ 250 ಕಿ.ಮೀ., ರೈಲಿಲ್ಲ, ಬಸ್ ಸೀಟು, ರೂಮು ಎಲ್ಲ ಮೊದಲೇ ಮಾಡ್ಕೋಬೇಕು. ಟಿಕೆಟ್ ಕೈಯಲ್ಲಿ ಹಿಡಿದು ನೋಡಿ ದುಡ್ಡು ಕೊಡೋ ಮಾತೇ ಇಲ್ಲ, ಎಲ್ಲ ಫೋನಲ್ಲೇ.

ಟಿಕೆಟ್ ಮಾರಿದವನು ಹೇಳಿದ್ದು ಕೇಳಿ: "ಮಾದಾಪುರದ ಹತ್ರ ನಮ್ಮ ತೋಟ. ಅರೇಬಿಕಾ ಕುಯ್ಲು ಶುರುವಾಗಿದೆ, ಆಳು ಸಿಗೋದೇ ಕಷ್ಟ, ಬಿಟ್ಟು ಬರೋಕೆ ಆಗ್ತಿಲ್ಲ." ಡಿಸೆಂಬರಲ್ಲಿ ಕೊಡಗಿನ ಯಾರು ಈ ಮಾತನ್ನ ಅನುಮಾನಿಸ್ತಾರೆ? ಬ್ಲ್ಯಾಕಲ್ಲಿ ಮಾರೋನಾಗಿದ್ರೆ ಡಬಲ್ ಕೇಳ್ತಿದ್ದ. ಅದೇ ವರ್ಷ ಸೆಪ್ಟೆಂಬರಲ್ಲಿ ಕೋಲ್ಡ್‌ಪ್ಲೇ ಬ್ಯಾಂಡ್‌ನ ಮುಂಬೈ ಶೋ ಟಿಕೆಟ್ ಬ್ಲ್ಯಾಕಲ್ಲಿ ಏನೇನು ರೇಟಿಗೆ ಓಡಾಡ್ತು ಅಂತ ಎಲ್ಲರೂ ನೋಡಿದ್ದೀವಿ. ಇವನು ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ನಂಬಿದ್ದೇ ಅದಕ್ಕೆ.

ಮೊದಲು ಟಿಕೆಟ್ ಹಿಡಿದಿಡೋಕೆ ಅಂತ 1,000, ಮಾರನೇ ದಿನ 8,000. ಯುಪಿಐನಲ್ಲಿ ನಂಬರ್ ಹಾಕಿದಾಗ ಬಂದ ಹೆಸರಿಗೂ ಅವನು ಹೇಳಿದ ಹೆಸರಿಗೂ ಸಂಬಂಧವೇ ಇಲ್ಲ. ಕೇಳಿದ್ದಕ್ಕೆ "ನನ್ನ ಲಿಮಿಟ್ ಮುಗಿದಿದೆ, ಅದು ನಮ್ಮ ತೋಟದ ರೈಟರ್ ನಂಬರ್" ಅಂದ, ಅಂದರೆ ತೋಟದ ಲೆಕ್ಕ ಬರೆಯೋರದ್ದು. ಅಲ್ಲೇ ನಿಲ್ಲಿಸಬೇಕಿತ್ತು. ಅಲ್ಲಿ ಕಾಣೋದು ಬ್ಯಾಂಕ್ ಖಾತೆಯ ಹೆಸರು, ವಾಟ್ಸಾಪ್ ಹೆಸರಿನ ಥರ ಬೇಕಾದ್ದು ಬರ್ಕೊಳೋಕೆ ಆಗಲ್ಲ.

ಪಿಡಿಎಫ್ ನೋಡೋಕೆ ಚೆನ್ನಾಗೇ ಇತ್ತು. ದಿನಾಂಕ, ಗೇಟು, ಬುಕಿಂಗ್ ನಂಬರ್, ಕ್ಯೂಆರ್ ಎಲ್ಲ ಇತ್ತು. ಈಗ ದೊಡ್ಡದು ಮಾಡಿ ನೋಡಿದರೆ ಕಾಣುತ್ತೆ: ಹೆಸರಿನ ಸಾಲಿನ ಹಿಂದೆ ಒಂದು ಸಣ್ಣ ಪಟ್ಟಿ, ಸುತ್ತಲಿನ ಬಿಳಿಗಿಂತ ಚೂರು ಜಾಸ್ತಿ ಬೆಳ್ಳಗೆ. ಹೆಸರಿನ ಅಕ್ಷರ ಉಳಿದ ಸಾಲುಗಳಿಗಿಂತ ದಪ್ಪ. ಅಂದರೆ ಟಿಕೆಟ್ ಅಸಲಿ, ಹೆಸರು ಮಾತ್ರ ಅಳಿಸಿ ಬರೆದದ್ದು. ಒಂದೇ ಅಸಲಿ ಟಿಕೆಟನ್ನ ಹತ್ತು ಜನರ ಹೆಸರಲ್ಲಿ ಹತ್ತು ಜನಕ್ಕೆ ಮಾರಬಹುದು. ಸೀಟ್ ನಂಬರ್ ಇಲ್ಲದ, ನಿಂತು ನೋಡೋ ಜಾಗದ ಟಿಕೆಟೇ ಇವರಿಗೆ ಬೇಕಾಗೋದೂ ಇದಕ್ಕೇ. "ಇದು ನನ್ನ ಸೀಟು" ಅಂತ ಜಗಳ ಬರೋ ಪ್ರಶ್ನೆಯೇ ಇಲ್ಲ. ಕ್ಯೂಆರ್ ಒಂದು ಸಲ ಸ್ಕ್ಯಾನ್ ಆದರೆ ಮುಗೀತು. ಮೊದಲು ಹೋದವನು ಒಳಗೆ, ಉಳಿದವರೆಲ್ಲ ಹೊರಗೆ.

ಗೇಟಲ್ಲಿ ಸ್ಕ್ಯಾನರ್ ಕೆಂಪಾಯ್ತು. ಇನ್ನೊಂದು ಸಲ ಹಿಡಿದರೂ ಕೆಂಪು. ಗೇಟಿನ ಹುಡುಗ ಸ್ಕ್ರೀನ್ ತಿರುಗಿಸಿ ತೋರಿಸಿದ: "ಇದು 5:12ಕ್ಕೇ ಒಳಗೆ ಹೋಗಿದೆ. ಪಕ್ಕಕ್ಕೆ ಬನ್ನಿ." ಹಿಂದೆ ಕ್ಯೂನಲ್ಲಿದ್ದ ಅಷ್ಟೂ ಜನ ನೋಡ್ತಿದ್ದಾರೆ. ನಾವೇ ಕಳ್ಳರು ಅನ್ನೋ ಥರ. ಪಕ್ಕದಲ್ಲಿ ಹಾಸನದಿಂದ ಬಂದ ಇಬ್ಬರು ಆಗಲೇ ನಿಂತಿದ್ದರು. ಅವರ ಫೋನು, ನನ್ನ ಫೋನು ಅಕ್ಕಪಕ್ಕ ಇಟ್ಟು ನೋಡಿದೆವು. ಅದೇ ಬುಕಿಂಗ್ ನಂಬರ್, ಅದೇ ಕ್ಯೂಆರ್, ಹೆಸರು ಮಾತ್ರ ಬೇರೆ. ಅವರಿಗೆ ಅವನು ಸಕಲೇಶಪುರದ ತೋಟದವನಂತೆ! ಅಷ್ಟರಲ್ಲಿ ಒಳಗೆ ಗಿಟಾರ್ ಶುರುವಾಯ್ತು, ಜನ ಕೂಗಿದ್ದು ಬ್ಯಾರಿಕೇಡ್ ಆಚೆಯಿಂದ ಕೇಳಿಸ್ತು.

ಅವನ ಉತ್ತರಗಳನ್ನ ಬಂದ ಹಾಗೇ ಹಾಕ್ತಿದ್ದೀನಿ, ನಿಮಗೂ ಹೀಗೇ ಬಂದರೆ ಗೊತ್ತಾಗಲಿ. "ಬ್ರೈಟ್‌ನೆಸ್ ಜಾಸ್ತಿ ಮಾಡಿ ತೋರಿಸಿ." "ಬೇರೆ ಗೇಟಿಗೆ ಹೋಗಿ." "ತೋಟದಲ್ಲಿದ್ದೀನಿ, ನೆಟ್‌ವರ್ಕ್ ಇಲ್ಲ." ನೆಟ್‌ವರ್ಕ್ ಇಲ್ಲದವನ ಮೆಸೇಜು ಒಂದು ನಿಮಿಷದಲ್ಲಿ ಬರ್ತಿತ್ತು! ಆಮೇಲೆ "ನಾನೂ ಬೇರೆಯವರಿಂದ ತಗೊಂಡಿದ್ದು, ನನಗೂ ಮೋಸ ಆಗಿದೆ, ದುಡ್ಡು ವಾಪಸ್ ಹಾಕ್ತೀನಿ."

ಎರಡನೇ ಬಲೆ ಅದು. ಅರ್ಧ ಗಂಟೆಗೆ ಒಂದು ಕ್ಯೂಆರ್ ಬಂತು, ಜೊತೆಗೆ "ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿ, 9,000 ನಿಮಗೆ ಬರುತ್ತೆ" ಅಂತ. ದುಡ್ಡು ಬರೋಕೆ ಪಿನ್ ಬೇಡ, ಸ್ಕ್ಯಾನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗೋದೇ, ಬರೋದಲ್ಲ. ಅದನ್ನ ಮಾಡಲಿಲ್ಲ. ಹಾಸನದವರಲ್ಲಿ ಒಬ್ಬರು ಮಾಡಿ ಇನ್ನೊಂದು 9,000 ಕಳ್ಕೊಂಡರು. "ಪಿನ್ ಹಾಕಲ್ಲ" ಅಂದ ತಕ್ಷಣ ನಂಬರ್ ಬ್ಲಾಕ್.

ಟಿಕೆಟ್ ಆಪ್‌ನವರು "ನಮ್ಮ ಆಪ್ ಹೊರಗೆ ನಡೆದ ಮಾರಾಟಕ್ಕೆ ನಾವು ಜವಾಬ್ದಾರರಲ್ಲ" ಅಂತ ಎರಡು ಸಾಲು ಬರೆದರು. ಬ್ಯಾಂಕಿನವರು "ನೀವೇ ಪಿನ್ ಹಾಕಿ ಕಳಿಸಿದ್ದೀರಲ್ಲ" ಅಂದರು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದಾಗ ದುಡ್ಡು ಕಳಿಸಿ ಒಂಬತ್ತು ದಿನ ಆಗಿತ್ತು, ಆ ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಅವನಿಗೆ ಬೇಕಿದ್ದದ್ದೂ ಅದೇ. ಟಿಕೆಟ್ ಸುಳ್ಳು ಅಂತ ಗೊತ್ತಾಗೋದು ಶೋ ದಿನ ಗೇಟಲ್ಲೇ. ದುಡ್ಡು ಸಾಗಿಸೋಕೆ ಅಷ್ಟು ದಿನ ಅವನಿಗೆ ಪುಕ್ಕಟೆ ಸಿಗುತ್ತೆ.

ಮಾರೋರನ್ನ ಒಂದೇ ಕೇಳಿ: "ಆಪ್ ಒಳಗಿಂದಲೇ ನನ್ನ ನಂಬರಿಗೆ ಟ್ರಾನ್ಸ್‌ಫರ್ ಮಾಡಿ." ಆ ಸೌಲಭ್ಯ ಇರೋ ಶೋಗಳಲ್ಲಿ ಟಿಕೆಟ್ ಅವರ ಖಾತೆಯಿಂದ ಹೋಗಿ ನಿಮ್ಮ ಖಾತೆಯಲ್ಲಿ ಕೂರುತ್ತೆ. ಇಲ್ಲದಿದ್ದರೆ ಪಿಡಿಎಫ್ ನಂಬಿ ಯಾರಿಗೂ ದುಡ್ಡು ಹಾಕಬೇಡಿ. ವಿಡಿಯೋ ಕಾಲಲ್ಲಿ ತೋರಿಸಿದರೂ ಅಷ್ಟೇ, ಸ್ಕ್ರೀನ್‌ಶಾಟ್ ಕಳಿಸಿದರೂ ಅಷ್ಟೇ. ನೀವು ನಿಜವಾದ ಟಿಕೆಟ್ ಕೊಂಡಿದ್ದರೆ ಖುಷಿಗೆ ಅದರ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಇವರಿಗೆ ಅಸಲಿ ಕ್ಯೂಆರ್ ಸಿಗೋದು ಅಲ್ಲೂ ಹೌದು.

ದುಡ್ಡು ಹೋಗಿದೆ ಅಂತ ಗೊತ್ತಾದರೆ ಅವನ ಹತ್ರ ವಾದ ಮಾಡ್ತಾ ಕೂರದೆ ಮೊದಲು 1930. ಯುಪಿಐ ಹಿಸ್ಟರಿಯಲ್ಲಿರೋ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ನಂಬರ್), ಸಮಯ, ಮೊತ್ತ, ಎದುರಿನ ಯುಪಿಐ ಐಡಿ ಕೈಯಲ್ಲಿಟ್ಕೊಳ್ಳಿ, ಕೇಳ್ತಾರೆ. ಅವನು ಬ್ಲಾಕ್ ಮಾಡೋ ಮೊದಲೇ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಅವನ ಪ್ರೊಫೈಲ್ ಸ್ಕ್ರೀನ್‌ಶಾಟ್ ತೆಗೀರಿ. ಬ್ಲಾಕ್ ಆದಮೇಲೆ ಡಿಪಿ ಕಾಣಲ್ಲ. ಮಡಿಕೇರಿಯಲ್ಲಿ ಸೈಬರ್ ಅಪರಾಧ ನೋಡೋ ಸೆನ್ (CEN) ಪೊಲೀಸ್ ಠಾಣೆ ಇದೆ, ಅಲ್ಲಿಗೂ ದೂರು ಕೊಡಿ.

ಆ ಡಿಪಿ ಹೀಗಿದೆ: ಸಿಲ್ವರ್ ಓಕ್ ಮರಗಳ ಸಾಲು, ಮುಂದೆ ಬಿಳಿ ಜೀಪು, ಎಡಗಡೆ ಒಣಗೋಕೆ ಹರಡಿದ ಕಾಫಿ. ನಿಮ್ಮ ಗ್ರೂಪಲ್ಲಿ ಕಂಡರೆ ಅಡ್ಮಿನ್‌ಗೆ ಹೇಳಿ ಇವತ್ತೇ ತೆಗೆಸಿ, ತೆಗೆಯೋ ಮುಂಚೆ ನಂಬರ್ ಬರೆದಿಟ್ಕೊಳ್ಳಿ.